ಅಂಗವೈಕಲ್ಯದ ಸಾಮಾಜಿಕ ಮಾದರಿ: ತಾತ್ತ್ವಿಕ ಮತ್ತು ನೈತಿಕ ವಿಚಾರಗಳು

ಅಂಗವೈಕಲ್ಯದ ಮೂಲವನ್ನು ವ್ಯಕ್ತಿಯ ದೇಹದಲ್ಲಿ ಹುಡುಕದೆ, ಆ ದೇಹವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕಟ್ಟಿದ ಸಮಾಜದಲ್ಲಿ ಹುಡುಕಬೇಕು ಎನ್ನುವ ವಾದಕ್ಕೆ ಸಾಮಾಜಿಕ ಮಾದರಿ ಎಂದು ಹೆಸರು. 1970ರ ದಶಕದಲ್ಲಿ ಬ್ರಿಟನ್ನಿನ ಅಂಗವಿಕಲರ ಚಳವಳಿಯೊಳಗೆ ಇದು ರೂಪುಗೊಂಡಿತು. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲೂ ಭಾರತದ 2016ರ ಕಾಯ್ದೆಯಲ್ಲೂ ಇದರ ಪ್ರಭಾವ ಎದ್ದು ಕಾಣುತ್ತದೆ. ಇಡೀ ವಾದ ಒಂದು ವಿಂಗಡಣೆಯ ಮೇಲೆ ನಿಂತಿದೆ. ಕಾಲಿಗೆ ಬಲವಿಲ್ಲದಿರುವುದು, ಕಣ್ಣು ಕಾಣದಿರುವುದು, ಕಿವಿ ಕೇಳದಿರುವುದು ನ್ಯೂನತೆ. ಅಂಥವರು ಶಾಲೆಗೆ, ಕೆಲಸಕ್ಕೆ, ಮತಗಟ್ಟೆಗೆ ಹೋಗಲಾಗದ ಹಾಗೆ ಆಗಿರುವುದು ಅಂಗವೈಕಲ್ಯ. ಮೊದಲನೆಯದು ದೇಹದ ಸ್ಥಿತಿ, ಎರಡನೆಯದು ಒಂದು ಬಗೆಯ ಅನ್ಯಾಯ. ಈ ಲೇಖನದಲ್ಲಿ ಎರಡು ಪದಗಳನ್ನೂ ಇದೇ ಅರ್ಥದಲ್ಲಿ ಬಳಸಿದೆ.

ಈ ವಾದಕ್ಕೆ ಎದುರಾಳಿಯಾಗಿ ವೈದ್ಯಕೀಯ ಮಾದರಿಯನ್ನು ಹೆಸರಿಸುವುದು ರೂಢಿ. ತೊಂದರೆ ರೋಗಿಯ ದೇಹದಲ್ಲಿದೆ, ಗುಣಪಡಿಸಬೇಕು, ಆಗದಿದ್ದರೆ ಅವನೇ ಹೊಂದಿಕೊಂಡು ಹೋಗಬೇಕು ಎನ್ನುವುದು ಅದರ ಧೋರಣೆ. ಅದಕ್ಕಿಂತ ಹಳೆಯದು ಪೂರ್ವಜನ್ಮದ ಪಾಪ, ದಾನ, ಕರುಣೆಗಳ ಭಾಷೆ. ಈ ಹಳೆಯ ಭಾಷೆಯ ಹಿಂದೆ ಕಾನೂನೂ ಇತ್ತೆಂಬುದನ್ನು ಮರೆಯಬಾರದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹುಟ್ಟುಕುರುಡ, ಹುಟ್ಟುಕಿವುಡ, ಮೂಗ ಮೊದಲಾದವರಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿಲ್ಲವೆನ್ನುತ್ತದೆ. ಅನ್ನಬಟ್ಟೆಗೆ ಮಾತ್ರ ಕೊರತೆ ಮಾಡಬಾರದಂತೆ. ಈ ಬಗೆಯ ನಿರ್ಬಂಧಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿದ್ದು 1928ರ ಹಿಂದೂ ಉತ್ತರಾಧಿಕಾರ ಅನರ್ಹತೆ ನಿವಾರಣಾ ಕಾಯ್ದೆ. ಉಳಿದದ್ದು ಹೋಗಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರಬೇಕಾಯಿತು. ಈ ಕಾಯ್ದೆಗಳು ಬರುವವರೆಗೆ ಹುಟ್ಟುಕುರುಡ ಮಗನನ್ನು ಆಸ್ತಿಯಿಲ್ಲದವನನ್ನಾಗಿ ಮಾಡಿದ್ದು ಅವನ ಕಣ್ಣಲ್ಲ, ಶಾಸ್ತ್ರ. ಸಾಮಾಜಿಕ ಮಾದರಿ ಹೇಳುವುದನ್ನು ಇದಕ್ಕಿಂತ ನೇರವಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಹುಟ್ಟಿದ ಬಗೆ

ಈ ಮಾದರಿ ವಿಶ್ವವಿದ್ಯಾಲಯದಲ್ಲಿ ಹುಟ್ಟಲಿಲ್ಲ. ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿ ಲೆ ಕೋರ್ಟ್ ಎಂಬ ಆಶ್ರಯಧಾಮವಿತ್ತು. ಸ್ನಾಯು ಕ್ಷಯಿಸುವ ಕಾಯಿಲೆಯಿದ್ದ ಪಾಲ್ ಹಂಟ್ ಅಲ್ಲಿನ ನಿವಾಸಿ. ಯಾವಾಗ ಮಲಗಬೇಕು, ಯಾವಾಗ ಹೊರಗೆ ಹೋಗಬೇಕು ಎಂಬುದನ್ನೆಲ್ಲ ಆಡಳಿತದವರೇ ತೀರ್ಮಾನಿಸುವುದರ ವಿರುದ್ಧ ಅಲ್ಲಿನ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದ್ದರು. ಅವರ ಕೋರಿಕೆಯ ಮೇರೆಗೇ ಸಂಶೋಧಕರು ಬಂದು ಅಧ್ಯಯನ ನಡೆಸಿದರು. 1972ರಲ್ಲಿ ಹೊರಬಂದ ಆ ಅಧ್ಯಯನದ ಪುಸ್ತಕ ಇಂಥ ಧಾಮಗಳ ಬದುಕನ್ನು ಸಾಮಾಜಿಕ ಮರಣವೆಂದು ಬಣ್ಣಿಸಿತು. ಹಾಗಿದ್ದೂ ಧಾಮಗಳನ್ನು ಮುಚ್ಚುವ ಮಾತೆತ್ತದೆ, ಅಲ್ಲಿನ ವ್ಯವಸ್ಥೆಯನ್ನು ಸುಧಾರಿಸುವ ದಾರಿ ಹುಡುಕಿತು. ಹಂಟ್‌ಗೆ ಇದು ವಿಶ್ವಾಸದ್ರೋಹವಾಗಿ ಕಂಡಿತು. ಅದೇ ವರ್ಷದ ಸೆಪ್ಟೆಂಬರ್ 20ರಂದು ಅವರು ‘ಗಾರ್ಡಿಯನ್’ ಪತ್ರಿಕೆಗೆ ಒಂದು ಪತ್ರ ಬರೆದು, ಅಂಗವಿಕಲರು ತಾವೇ ಸಂಘಟಿತರಾಗಬೇಕೆಂದು ಕರೆಕೊಟ್ಟರು. ‘ಪ್ರತ್ಯೇಕೀಕರಣದ ವಿರುದ್ಧ ದೈಹಿಕ ನ್ಯೂನತೆಯುಳ್ಳವರ ಒಕ್ಕೂಟ’ ಹುಟ್ಟಿದ್ದು ಆ ಪತ್ರದಿಂದ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ಯುಪಿಯಾಸ್ ಎನ್ನುತ್ತಾರೆ.

ಒಕ್ಕೂಟದ ಇನ್ನೊಬ್ಬ ಮುಂದಾಳು ವಿಕ್ ಫಿಂಕೆಲ್‌ಸ್ಟೈನ್ ದಕ್ಷಿಣ ಆಫ್ರಿಕದವರು. ಹರೆಯದಲ್ಲಿ ಕಂಬದ ಜಿಗಿತದ ವೇಳೆ ಕತ್ತು ಮುರಿದು ಗಾಲಿಕುರ್ಚಿ ಹಿಡಿದವರು. ವರ್ಣಭೇದ ನೀತಿಯನ್ನು ವಿರೋಧಿಸಿ ಜೈಲು ಕಂಡು, ಆಮೇಲೆ ನಿರ್ಬಂಧದ ಆದೇಶಕ್ಕೆ ಒಳಗಾಗಿ, 1968ರಲ್ಲಿ ಬ್ರಿಟನ್‌ಗೆ ಬಂದರು. ಎಲ್ಲೆಲ್ಲಿಗೆ ಹೋಗಕೂಡದೆಂದು ಆ ಆದೇಶ ಹೇಳಿತ್ತೋ ಅಲ್ಲಿ ಹಲವು ಕಡೆ ಮೆಟ್ಟಿಲುಗಳಿಂದಾಗಿ ಮೊದಲೇ ತಮಗೆ ಪ್ರವೇಶವಿರಲಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಜನಾಂಗದ ಹೆಸರಿನ ಪ್ರತ್ಯೇಕತೆಯೂ ದೇಹದ ಹೆಸರಿನ ಪ್ರತ್ಯೇಕತೆಯೂ ಒಂದೇ ಜಾತಿಯವು ಎಂಬ ಅರಿವು ಚಳವಳಿಗೆ ಬಂದದ್ದು ಹೆಚ್ಚಾಗಿ ಅವರಿಂದ.

1975ರ ನವೆಂಬರ್‌ನಲ್ಲಿ ಯುಪಿಯಾಸ್ ಪ್ರತಿನಿಧಿಗಳು ‘ಡಿಸಬಿಲಿಟಿ ಅಲಯನ್ಸ್’ ಎಂಬ ಸಂಘಟನೆಯವರೊಡನೆ ಚರ್ಚೆಗೆ ಕುಳಿತರು. ಅಲಯನ್ಸ್‌ನ ಅಧ್ಯಕ್ಷ ಪೀಟರ್ ಟೌನ್‌ಸೆಂಡ್ ಬಡತನದ ಅಧ್ಯಯನದಲ್ಲಿ ದೊಡ್ಡ ಹೆಸರು. ನ್ಯೂನತೆಯ ತೀವ್ರತೆಗೆ ತಕ್ಕಂತೆ ಸರ್ಕಾರ ಭತ್ಯೆ ಕೊಡಲಿ ಎನ್ನುವುದು ಅಲಯನ್ಸ್‌ನ ಬೇಡಿಕೆ. ಯುಪಿಯಾಸ್ ಒಪ್ಪಲಿಲ್ಲ. ಬಡತನ ದಬ್ಬಾಳಿಕೆಯ ಲಕ್ಷಣ, ಕಾರಣವಲ್ಲ. ಭತ್ಯೆಗಾಗಿ ತಜ್ಞರ ಮುಂದೆ ನಿಂತು ದೇಹವನ್ನು ಅಳೆಸಿಕೊಳ್ಳಬೇಕಾದರೆ ಹಳೆಯ ಅಧೀನತೆಯೇ ಮುಂದುವರಿಯುತ್ತದೆ ಎಂದಿತು. ಈ ಮಾತುಕತೆ 1976ರಲ್ಲಿ ‘ಅಂಗವೈಕಲ್ಯದ ಮೂಲತತ್ತ್ವಗಳು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಪ್ರಕಟವಾಯಿತು. ಸಾಮಾಜಿಕ ಮಾದರಿಯ ತಾಯಿಬೇರು ಈ ಕಿರುಹೊತ್ತಗೆ.

ಹೆಸರು ಬಂದದ್ದು 1983ರಲ್ಲಿ, ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್ ಅವರಿಂದ. ಸರ್ಕಾರಿ ಸಮೀಕ್ಷೆಯೊಂದರ ಪ್ರಶ್ನೆಗಳನ್ನು ಅವರು ತಿರುವಿಹಾಕಿದ ರೀತಿ ಪ್ರಸಿದ್ಧ. ನಿಮ್ಮ ದೇಹಸ್ಥಿತಿಯಿಂದಾಗಿ ಓಡಾಡಲು ಕಷ್ಟವೇ ಎಂದು ಸಮೀಕ್ಷಕರು ಕೇಳುತ್ತಿದ್ದರೆ, ನಿಮ್ಮ ಊರಿನಲ್ಲಿ ಏನಿರುವುದರಿಂದ ಓಡಾಡಲು ಕಷ್ಟ ಎಂದು ಕೇಳಬಹುದಿತ್ತಲ್ಲ ಎಂದರು ಆಲಿವರ್. ಪ್ರಶ್ನೆ ಬದಲಾದರೆ ಉತ್ತರ ಕೊಡಬೇಕಾದವರೂ ಬದಲಾಗುತ್ತಾರೆ. ಇದು ಬಳಸಲು ಒದಗುವ ಉಪಕರಣ, ಪೂರ್ಣ ಸಿದ್ಧಾಂತವಲ್ಲ ಎಂದು ಆಲಿವರ್ ಕೊನೆಯವರೆಗೂ ಹೇಳುತ್ತಿದ್ದರು. ಟೀಕಾಕಾರರಲ್ಲಿ ಹಲವರು ಈ ಎಚ್ಚರಿಕೆಯನ್ನು ಓದಿದಂತೆ ಕಾಣುವುದಿಲ್ಲ. ಬೆಂಬಲಿಗರಲ್ಲೂ ಅಷ್ಟೆ.

ಕಾರಣವೋ ಹೊಣೆಯೋ

ಫಿಂಕೆಲ್‌ಸ್ಟೈನ್ ಒಂದು ಕಲ್ಪಿತ ಊರನ್ನು ವರ್ಣಿಸಿದ್ದಾರೆ. ಅಲ್ಲಿ ಎಲ್ಲರೂ ಗಾಲಿಕುರ್ಚಿಯವರು. ಸಹಜವಾಗಿಯೇ ಬಾಗಿಲು, ಸೂರುಗಳನ್ನು ತಗ್ಗಾಗಿ ಕಟ್ಟಿಕೊಂಡಿದ್ದಾರೆ. ನಡೆದಾಡುವ ಕೆಲವರು ಆ ಊರಿಗೆ ಬರುತ್ತಾರೆ. ತಲೆ ತಾಗಿ ಹಣೆಯೆಲ್ಲ ಬುಗುಟೆ. ಅವರಿಗೆ ವೈದ್ಯರು ಶಿರಸ್ತ್ರಾಣ ಬರೆದುಕೊಡುತ್ತಾರೆ, ನಡು ಬಗ್ಗಿಸುವ ಪಟ್ಟಿ ಕಟ್ಟುತ್ತಾರೆ, ಕೆಲಸ ಸಿಗದವರಿಗಾಗಿ ಧರ್ಮಸಂಸ್ಥೆಗಳು ಚಂದಾ ಎತ್ತುತ್ತವೆ. ಕಲ್ಪನೆಯಾಚೆಗೂ ಇದಕ್ಕೆ ಹತ್ತಿರದ ಸಾಕ್ಷ್ಯವಿದೆ. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ವಂಶಪಾರಂಪರ್ಯ ಕಿವುಡು ತಲೆಮಾರುಗಳ ಕಾಲ ಇತ್ತು. 19ನೆಯ ಶತಮಾನದಲ್ಲಿ ದ್ವೀಪದ ಸುಮಾರು 155 ಜನರಲ್ಲಿ ಒಬ್ಬರು ಕಿವುಡರಾಗಿದ್ದರೆ, ಚಿಲ್‌ಮಾರ್ಕ್ ಎಂಬ ಊರಿನಲ್ಲಿ ಈ ಪ್ರಮಾಣ 25ಕ್ಕೆ ಒಂದು. ಅಲ್ಲಿ ಕೇಳಬಲ್ಲವರೂ ಸನ್ನೆಭಾಷೆ ಆಡುತ್ತಿದ್ದರು. ಕಿವುಡರು ಮೀನು ಹಿಡಿದರು, ಮದುವೆಯಾದರು, ಊರ ಆಡಳಿತದಲ್ಲಿ ಭಾಗವಹಿಸಿದರು. ನೋರಾ ಎಲೆನ್ ಗ್ರೋಸ್ 1985ರ ತಮ್ಮ ಪುಸ್ತಕದಲ್ಲಿ ದಾಖಲಿಸಿರುವಂತೆ, ಊರಿನ ಹಿರಿಯರಿಗೆ ಯಾರು ಕಿವುಡರಾಗಿದ್ದರೆಂದು ಜ್ಞಾಪಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಆದರೆ ತತ್ತ್ವಶಾಸ್ತ್ರದ ಮೊದಲ ತಕರಾರು ಏಳುವುದೂ ಇಲ್ಲೇ. ಗಾಲಿಕುರ್ಚಿಯವರು ಮೆಟ್ಟಿಲ ಬುಡದಲ್ಲಿ ನಿಂತಿದ್ದಾರೆ ಎನ್ನೋಣ. ಮೆಟ್ಟಿಲಿಲ್ಲದಿದ್ದರೆ ಒಳಗೆ ಹೋಗುತ್ತಿದ್ದರು. ಕಾಲಿಗೆ ಬಲವಿದ್ದಿದ್ದರೂ ಹೋಗುತ್ತಿದ್ದರು. ಎರಡೂ ಸೇರಿಯೇ ಪರಿಣಾಮ ಉಂಟಾಗಿರುವಾಗ ಒಂದನ್ನು ಮಾತ್ರ ಕಾರಣವೆನ್ನುವುದು ಹೇಗೆ? ತರ್ಕದ ದೃಷ್ಟಿಯಿಂದ ಈ ಪ್ರಶ್ನೆ ಸರಿ. ಆದರೆ ಹಲವು ಕಾರಣಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸುವುದು ನಮ್ಮ ನಿತ್ಯದ ವ್ಯವಹಾರ. ಯಾವುದನ್ನು ಬದಲಿಸಬಹುದಿತ್ತು, ಯಾರು ಬದಲಿಸಬೇಕಿತ್ತು ಎಂಬುದರ ಮೇಲೆ ನ್ಯಾಯಾಲಯಗಳೂ ಹಾಗೆಯೇ ತೀರ್ಪು ಕೊಡುತ್ತವೆ. ಸಾಮಾಜಿಕ ಮಾದರಿಯ ಹೇಳಿಕೆಯನ್ನು ಹೊಣೆಗಾರಿಕೆಯ ಹೇಳಿಕೆಯೆಂದು ಓದಿಕೊಂಡರೆ ಅದರ ಬಲ ಉಳಿಯುತ್ತದೆ. ಜಗತ್ತಿನ ರಚನೆಯ ಕುರಿತ ಹೇಳಿಕೆಯೆಂದು ಓದಿದರೆ ತುಂಡಾಗುತ್ತದೆ.

ತುಂಡಾಗುವ ಜಾಗಗಳನ್ನು ತೋರಿಸಿಕೊಟ್ಟವರಲ್ಲಿ ಟಾಮ್ ಶೇಕ್ಸ್‌ಪಿಯರ್ ಮುಖ್ಯರು. ಸ್ವತಃ ಅಂಗವಿಕಲರಾದ ಈ ಸಮಾಜಶಾಸ್ತ್ರಜ್ಞ 2006ರ ತಮ್ಮ ಪುಸ್ತಕದಲ್ಲಿ, ಅಡೆತಡೆಯೇ ಇಲ್ಲದ ಲೋಕ ಎನ್ನುವ ಆದರ್ಶವನ್ನೇ ಪ್ರಶ್ನಿಸಿದರು. ಬೆಟ್ಟ, ಮರಳು, ಹಿಮಗಳನ್ನು ಸಮಾಜ ಕಟ್ಟಲಿಲ್ಲ. ಎದುರಿನವರ ಮುಖಭಾವವನ್ನು ಕಣ್ಣಿಲ್ಲದವರಿಗೆ ಯಾವ ಕಾನೂನೂ ತೋರಿಸಲಾರದು. ಒಬ್ಬರ ಅನುಕೂಲ ಇನ್ನೊಬ್ಬರ ಅಡ್ಡಿಯೂ ಆಗುತ್ತದೆ. ಪಾದಚಾರಿ ಮಾರ್ಗದ ಅಂಚನ್ನು ಇಳಿಜಾರು ಮಾಡಿದರೆ ಗಾಲಿಕುರ್ಚಿಗೆ ಸುಲಭ. ಕೋಲಿನಿಂದ ಆ ಅಂಚನ್ನೇ ತಡಕಿ ರಸ್ತೆಯನ್ನು ಗುರುತಿಸುವವರಿಗೆ ಅಪಾಯ. ಇದಕ್ಕೆಂದು ಉಬ್ಬುಚುಕ್ಕೆಯ ಹಾಸುಗಲ್ಲು ಹಾಕಿದರೆ ಗಾಲಿಕುರ್ಚಿಯಲ್ಲಿ ಕೂತವರ ಬೆನ್ನು ಕುಲುಕುತ್ತದೆ.

ನೋವನ್ನು ಎಲ್ಲಿಡುವುದು

ಇನ್ನೂ ಒಳಗಿನಿಂದ ಬಂದ ಟೀಕೆ ಸ್ತ್ರೀವಾದಿಗಳದು. ಜೆನ್ನಿ ಮಾರಿಸ್ 1991ರಲ್ಲಿ, ಲಿಜ್ ಕ್ರೋ 1996ರಲ್ಲಿ ಇದನ್ನು ಬರೆದರು. ಇಬ್ಬರೂ ಚಳವಳಿಯವರೇ. ಎಲ್ಲ ಕಟ್ಟಡಕ್ಕೂ ಇಳಿಜಾರು ಬಂದ ಮೇಲೂ ಕೀಲುನೋವು ಇರುತ್ತದೆ, ಸುಸ್ತು ಇರುತ್ತದೆ. ಆಯುಸ್ಸು ಕಡಿಮೆಯೆಂಬ ಭಯವೂ ಇರುತ್ತದೆ. ವೈದ್ಯರ ಕೈಗೆ ಮತ್ತೆ ಅಸ್ತ್ರ ಕೊಟ್ಟಂತಾದೀತೆಂದು ಚಳವಳಿ ಈ ಬಗ್ಗೆ ಬಾಯಿ ಬಿಡಲಿಲ್ಲ. ಹಾಗಾಗಿ ಆ ಅನುಭವ ಹೇಳಿಕೊಳ್ಳಲಾಗದ ಖಾಸಗಿ ಸಂಗತಿಯಾಯಿತು. ಖಾಸಗಿಯಾದದ್ದರಲ್ಲೂ ರಾಜಕಾರಣವಿದೆ ಎಂದು ಕಲಿತು ಬಂದ ಸ್ತ್ರೀವಾದಿಗಳು ಇದನ್ನು ಸಹಿಸುವಂತಿರಲಿಲ್ಲ. ಕ್ಯಾರಲ್ ಥಾಮಸ್ 1999ರಲ್ಲಿ ನಡುದಾರಿಯೊಂದನ್ನು ಸೂಚಿಸಿದರು: ಸಮಾಜ ಹೇರುವ ನಿರ್ಬಂಧ ಬೇರೆ, ನ್ಯೂನತೆಯೇ ನೇರವಾಗಿ ತರುವ ಪರಿಣಾಮ ಬೇರೆ, ಎರಡನ್ನೂ ಹೆಸರಿಟ್ಟು ಕರೆಯೋಣ. ಫ್ರೆಂಚ್ ಚಿಂತಕ ಫೂಕೋನ ಜಾಡಿನಲ್ಲಿ ಯೋಚಿಸುವ ಶೆಲ್ಲಿ ಟ್ರೆಮೇನ್ ಪೂರ್ತಿ ಉಲ್ಟಾ ದಿಕ್ಕಿಗೆ ಹೋದರು. ನ್ಯೂನತೆ ಎಂಬ ವರ್ಗವೂ ಅಳತೆ, ತಪಾಸಣೆ, ಪ್ರಮಾಣಪತ್ರಗಳ ಆಡಳಿತದಿಂದ ತಯಾರಾದದ್ದೇ ಎನ್ನುವುದು ಅವರ ವಾದ. ಚತುರವಾದ ವಾದ, ಆದರೆ ಕೀಲುನೋವಿನವರಿಗೆ ಇದರಿಂದ ಸಿಗುವುದೇನೂ ಇಲ್ಲ.

ನ್ಯಾಯದ ಲೆಕ್ಕದಲ್ಲಿ

ಪಾಶ್ಚಾತ್ಯ ರಾಜಕೀಯ ತತ್ತ್ವಶಾಸ್ತ್ರದ ದೊಡ್ಡ ಕಟ್ಟಡಗಳಲ್ಲೂ ಇಳಿಜಾರು ಇರಲಿಲ್ಲ. ಜಾನ್ ರಾಲ್ಸ್‌ರ 1971ರ ನ್ಯಾಯಸಿದ್ಧಾಂತ ಜೀವನವಿಡೀ ಸಹಕರಿಸಬಲ್ಲ, ಸಾಮಾನ್ಯ ಸಾಮರ್ಥ್ಯದ ಪ್ರಜೆಗಳ ನಡುವಣ ಒಪ್ಪಂದದಿಂದ ಶುರುವಾಗುತ್ತದೆ. ತೀವ್ರ ನ್ಯೂನತೆಯ ಪ್ರಶ್ನೆಯನ್ನು ಮುಂದಿನ ಹಂತಕ್ಕೆ ಬಿಡುತ್ತದೆ. ಕರಾರು ಬರೆಯುವಾಗ ಹೊರಗುಳಿದವರಿಗೆ ಆಮೇಲೆ ಸಿಗುವುದು ನ್ಯಾಯವಲ್ಲ, ಔದಾರ್ಯ ಎಂದು ಮಾರ್ಥಾ ನುಸ್‌ಬಾಮ್ 2006ರಲ್ಲಿ ಆಕ್ಷೇಪಿಸಿದರು.

ಅಮರ್ತ್ಯ ಸೇನ್‌ರ ಆಕ್ಷೇಪ ಲೆಕ್ಕದ್ದು, ಹಾಗಾಗಿ ಹೆಚ್ಚು ಚುರುಕಾದದ್ದು. ಅಂಗವಿಕಲರಿಗೆ ಎರಡು ಏಟು: ದುಡಿಮೆ ಕಡಿಮೆ, ಮತ್ತು ದುಡಿದದ್ದನ್ನು ಬದುಕನ್ನಾಗಿ ಪರಿವರ್ತಿಸಿಕೊಳ್ಳುವ ಖರ್ಚು ಹೆಚ್ಚು. ಅದೇ ಸಂಬಳದಲ್ಲಿ ಬಸ್ಸಿನ ಬದಲು ಆಟೊ ಹಿಡಿಯಬೇಕು, ಸಹಾಯಕರಿಗೆ ಕೊಡಬೇಕು, ಸಲಕರಣೆ ಕೊಳ್ಳಬೇಕು. ಬ್ರಿಟನ್ನಿನ ದತ್ತಾಂಶದ ಮೇಲೆ ವೀಬ್ಕೆ ಕುಕ್ಲಿಸ್ ಮಾಡಿದ ಲೆಕ್ಕವನ್ನು ಸೇನ್ ಉದಾಹರಿಸುತ್ತಾರೆ. ಅಂಗವಿಕಲ ಸದಸ್ಯರಿರುವ ಕುಟುಂಬಗಳಲ್ಲಿ ಬಡತನದ ಗೆರೆಯ ಕೆಳಗಿದ್ದವರು ಆದಾಯದ ಲೆಕ್ಕದಲ್ಲಿ ಶೇ. 23.1, ಹೆಚ್ಚುವರಿ ಖರ್ಚನ್ನೂ ಸೇರಿಸಿಕೊಂಡರೆ ಶೇ. 47.4. ಯುಪಿಯಾಸ್ ಟೌನ್‌ಸೆಂಡ್‌ರಿಗೆ ಹೇಳಲು ಯತ್ನಿಸಿದ್ದರಲ್ಲಿ ಒಂದಂಶ ಇಲ್ಲಿ ಅಂಕಿಯಾಗಿ ನಿಂತಿದೆ. ಹಾಗೆಂದು ಭತ್ಯೆ ಬೇಡವೆನ್ನಲು ಈ ಅಂಕಿ ಆಧಾರವಾಗುವುದಿಲ್ಲ. ಆ ಚರ್ಚೆಯಲ್ಲಿ ಟೌನ್‌ಸೆಂಡ್‌ರ ಕಡೆಗೂ ನ್ಯಾಯವಿತ್ತು.

ಇವೆಲ್ಲಕ್ಕಿಂತ ಆಳಕ್ಕೆ ಇಳಿದವರು ಎವಾ ಫೆಡರ್ ಕಿಟ್ಟೆ. ತೀವ್ರ ಬೌದ್ಧಿಕ ನ್ಯೂನತೆಯಿರುವ ಮಗಳ ತಾಯಿ ಅವರು. ಸ್ವಾವಲಂಬನೆಯನ್ನೇ ಘನತೆಯ ಗುರುತಾಗಿಸಿಕೊಂಡ ಚಳವಳಿಯ ಮಾತು ತನ್ನ ಮಗಳನ್ನು ಮುಟ್ಟುವುದೇ ಇಲ್ಲ ಎಂದು ಅವರಿಗೆ ತಿಳಿದಿತ್ತು. ಯಾವ ಅಡೆತಡೆ ತೆಗೆದರೂ ಆಕೆಗೆ ಇನ್ನೊಬ್ಬರ ಆರೈಕೆ ಬೇಕು. ಎಲ್ಲರೂ ಮಗುವಾಗಿದ್ದವರು, ಹೆಚ್ಚಿನವರು ಮುಪ್ಪಾಗುವವರು. ಅವಲಂಬನೆ ಮನುಷ್ಯನ ಸಹಜ ಸ್ಥಿತಿಗಳಲ್ಲೊಂದು. ಹಾಗಿದ್ದರೆ ನ್ಯಾಯದ ವಿಚಾರ ಆರೈಕೆ ಪಡೆಯುವವರನ್ನೂ ಮಾಡುವವರನ್ನೂ ಸೇರಿಸಿಯೇ ಆರಂಭವಾಗಬೇಕು ಎಂಬುದು 1999ರ ‘ಲವ್ಸ್ ಲೇಬರ್’ ಕೃತಿಯ ನಿಲುವು. ಆರೈಕೆಯ ಹೊರೆ ಹೆಚ್ಚಾಗಿ ಮನೆಯ ಹೆಂಗಸರ ಹೆಗಲಿಗೇ ಬೀಳುವ ನಮ್ಮ ಕಡೆ ಈ ಮಾತಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಬದುಕಿನ ಬೆಲೆ

ನ್ಯೂನತೆಯೊಡನೆ ಬದುಕುವುದು ಕೆಟ್ಟದ್ದೇ? ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಬಾರ್ನ್ಸ್ 2016ರಲ್ಲಿ ಕೊಟ್ಟ ಉತ್ತರ: ಅದು ಬರೀ ವ್ಯತ್ಯಾಸ, ತನ್ನಷ್ಟಕ್ಕೇ ಕೇಡಲ್ಲ. ಕೆಲವು ಒಳ್ಳೆಯದನ್ನು ಕಳೆಯುತ್ತದೆ, ಕೆಲವನ್ನು ಕೊಡುತ್ತದೆ. ಇದಕ್ಕೆ ಪೂರಕವಾಗಿ, ಗ್ಯಾರಿ ಆಲ್ಬ್ರೆಕ್ಟ್ ಮತ್ತು ಪ್ಯಾಟ್ರಿಕ್ ಡೆವ್ಲೀಗರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ನ್ಯೂನತೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಬದುಕು ಚೆನ್ನಾಗಿದೆ ಎಂದಿದ್ದರು. ಸಿಕ್ಕಿದ್ದಕ್ಕೆ ಆಸೆಯನ್ನು ತಗ್ಗಿಸಿಕೊಂಡವರ ಮಾತು ಅದೆಂದು ತಳ್ಳಿಹಾಕುವವರಿದ್ದಾರೆ. ಹಾಗೆ ತಳ್ಳಿಹಾಕುವ ಮೊದಲು, ಉಳಿದವರ ತೃಪ್ತಿಯನ್ನು ಅದೇ ತಕ್ಕಡಿಯಲ್ಲಿ ತೂಗಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಈ ವಿವಾದದ ಅತಿ ತೀಕ್ಷ್ಣ ಮುಖಾಮುಖಿ ನಡೆದದ್ದು ಪ್ರಿನ್ಸ್‌ಟನ್‌ನಲ್ಲಿ. ಕೆಲವು ತೀವ್ರ ನ್ಯೂನತೆಗಳೊಡನೆ ಹುಟ್ಟಿದ ಶಿಶುವಿನ ಜೀವ ಕೊನೆಗೊಳಿಸುವ ಆಯ್ಕೆ ಹೆತ್ತವರಿಗಿರಬೇಕು ಎನ್ನುವ ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್, ನರಸ್ನಾಯು ಕಾಯಿಲೆಯೊಡನೆ ಹುಟ್ಟಿ ವಕೀಲೆಯಾದ ಹ್ಯಾರಿಯೆಟ್ ಮೆಕ್‌ಬ್ರೈಡ್ ಜಾನ್ಸನ್ ಅವರನ್ನು ಚರ್ಚೆಗೆ ಆಹ್ವಾನಿಸಿದರು. ಆಕೆಯಂಥವರ ಹುಟ್ಟನ್ನೇ ಚರ್ಚೆಯ ವಸ್ತುವಾಗಿಸುವ ವಾದಕ್ಕೆ ಆಕೆಯೇ ಎದುರು ಕೂತು ಉತ್ತರಿಸಬೇಕಾಗಿತ್ತು. 2003ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್’ನಲ್ಲಿ ಜಾನ್ಸನ್ ಬರೆದ ಪ್ರಬಂಧ ಇಂದಿಗೂ ಪಾಠಪಟ್ಟಿಗಳಲ್ಲಿದೆ. ಸಿಂಗರ್‌ರನ್ನು ಆಕೆ ರಾಕ್ಷಸನೆಂದು ಚಿತ್ರಿಸದಿರುವುದೇ ಅದರ ಬಲ.

ಪ್ರಸವಪೂರ್ವ ಪರೀಕ್ಷೆಗಳ ವಿಷಯದಲ್ಲಿ ಜೈವಿಕ ನೀತಿಶಾಸ್ತ್ರಜ್ಞೆ ಏಡ್ರಿಯೆನ್ ಆಶ್ ಅವರದು ನಾಜೂಕಾದ ನಿಲುವು. ಅವರು ಗರ್ಭಪಾತದ ಹಕ್ಕಿನ ಬೆಂಬಲಿಗರು. ಮಗು ಬೇಡವೆನ್ನುವುದು ಬೇರೆ, ಬೇಕಿದ್ದ ಮಗುವನ್ನು ಒಂದೇ ಒಂದು ಲಕ್ಷಣಕ್ಕಾಗಿ ಬೇಡವೆನ್ನುವುದು ಬೇರೆ ಎಂದು ಅವರು ವಾದಿಸಿದರು. ಹೆಣ್ಣುಭ್ರೂಣ ಪತ್ತೆಗೆ ಕಾನೂನಿನ ತಡೆಯಿರುವ ನಮ್ಮ ದೇಶದಲ್ಲಿ, ನ್ಯೂನತೆಯ ಪತ್ತೆಯ ಬಗ್ಗೆ ಇಂಥ ಚರ್ಚೆ ಅಷ್ಟಾಗಿ ನಡೆದಿಲ್ಲವೆನ್ನಬಹುದು.

ನ್ಯೂನತೆಯೇ ಅನ್ಯಾಯವಾದಾಗ

ಬ್ರಿಟನ್ನಿನ ಮಾದರಿ ನ್ಯೂನತೆಯನ್ನು ಇದ್ದದ್ದೇ ಎಂದು ಒಪ್ಪಿ ಮುಂದೆ ಹೋಯಿತು. ಯುದ್ಧ, ಗಣಿ, ಕಾರ್ಖಾನೆ, ಅಪೌಷ್ಟಿಕತೆಗಳು ದೇಹಗಳನ್ನು ಊನಗೊಳಿಸುವ ನಾಡುಗಳಲ್ಲಿ ಹಾಗೆ ಮುಂದೆ ಹೋಗುವಂತಿಲ್ಲ. ಆಸ್ಟ್ರೇಲಿಯದ ಹೆಲೆನ್ ಮೀಕೋಶಾ 2011ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಕನ್ನಡದ ಓದುಗರಿಗೆ ಉದಾಹರಣೆ ದೂರವಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ತೋಟಗಳ ಮೇಲೆ ಹೆಲಿಕಾಪ್ಟರ್ ಮತ್ತಿತರ ಸಾಧನಗಳಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಲಾಯಿತು. 2000ದ ಹೊತ್ತಿಗೆ ಅದು ನಿಂತಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಮಧ್ಯಂತರ ನಿಷೇಧ ಹೇರಿತು. ಆ ಹಳ್ಳಿಗಳಲ್ಲಿ ನ್ಯೂನತೆಯೊಡನೆ ಬೆಳೆದ ಮಕ್ಕಳ ತಾಯಂದಿರಿಗೆ, ನ್ಯೂನತೆ ಬರೀ ವ್ಯತ್ಯಾಸ ಎನ್ನುವುದು ಹೇಗೆ ಕೇಳಿಸೀತು?

ಬಾರ್ನ್ಸ್ ಬಳಿ ಉತ್ತರವಿದೆ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ದೇಹವನ್ನು ಬದಲಿಸುವುದೇ ತಪ್ಪು, ಆ ಬದಲಾವಣೆ ಕೇಡೋ ಅಲ್ಲವೋ ಎಂಬುದು ಬೇರೆ ಮಾತು. ತರ್ಕಕ್ಕೆ ಇದು ಸಾಕು. ಆದರೆ ಕೊಕ್ಕಡದಲ್ಲಿ ಎರಡು ಹಕ್ಕೊತ್ತಾಯಗಳು ಜೊತೆಗೇ ನಿಲ್ಲಬೇಕು: ಹೀಗಾಗಬಾರದಿತ್ತು, ಆದವರಿಗೆ ಪರಿಹಾರ ಬೇಕು ಎನ್ನುವುದೊಂದು, ಹೀಗಿರುವ ಮಕ್ಕಳು ಯಾರಿಗೂ ಕಡಿಮೆಯಲ್ಲ, ಅವರಿಗೆ ಶಾಲೆ, ಆರೈಕೆ, ಮರ್ಯಾದೆ ಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನ್ಯೂನತೆಯನ್ನು ಹಾನಿಯೆಂದು ತೋರಿಸಬೇಕು, ಎರಡನೆಯದಕ್ಕೆ ಆ ಹಾನಿಯ ಚಿತ್ರವೇ ಅಡ್ಡಬರುತ್ತದೆ. ಸಾಮಾಜಿಕ ಮಾದರಿಯ ಶಬ್ದಕೋಶದಲ್ಲಿ ಎರಡನೆಯದಕ್ಕೆ ಮಾತುಗಳಿವೆ, ಮೊದಲನೆಯದಕ್ಕೆ ಇಲ್ಲ. ಇದು ಆ ಮಾದರಿಯ ದೊಡ್ಡ ಕೊರತೆ.

ಭಾರತದ ಅಂಗವೈಕಲ್ಯ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲೊಬ್ಬರಾದ ಅನಿತಾ ಘಾಯ್ ಕೂಡ ಪಶ್ಚಿಮದ ಮಾದರಿಯನ್ನು ಇದ್ದಂತೆಯೇ ತರಲಾಗದೆಂದು ಬರೆದರು. ಇಲ್ಲಿ ಲಿಂಗ, ಜಾತಿ, ಬಡತನಗಳು ಅಂಗವೈಕಲ್ಯದೊಳಗೇ ಹೆಣೆದುಕೊಂಡಿವೆ. ಆಶ್ರಯಧಾಮವೆಂದರೆ ಬಂಧನ ಎಂಬ ಹಂಟ್‌ರ ತೀರ್ಮಾನವೂ ಇಲ್ಲಿ ಹಾಗೆಯೇ ನಿಲ್ಲುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು, ಇಬ್ಬರೂ ಸ್ವತಃ ಅಂಧರು, ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕಿನ ದಾರಿ ಮಾಡಿಕೊಟ್ಟರು. ಗುರುವಿನ ಪೀಠದಲ್ಲೇ ಅಂಧರಿದ್ದ ಸಂಸ್ಥೆಯದು. ಲೆ ಕೋರ್ಟ್‌ನ ನಿವಾಸಿಗಳು ಕೇಳಿದ್ದೂ ಆಡಳಿತದಲ್ಲಿ ತಮ್ಮ ಮಾತು ನಡೆಯಬೇಕೆಂದೇ. ಆದರೂ ಅಂಧರಿಗೆ ಸಂಗೀತ ಎಂಬ ಒಂದೇ ಬಾಗಿಲು ತೆರೆದಿದ್ದು ಉಳಿದ ಬಾಗಿಲುಗಳು ಮುಚ್ಚಿದ್ದವೆಂಬುದಕ್ಕೂ ಸಾಕ್ಷಿ.

ಕಾನೂನಿನಲ್ಲಿ

ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದರ ಫಲ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 1995ರ ಕಾಯ್ದೆಯಲ್ಲಿ ಏಳಿದ್ದ ವರ್ಗಗಳು 21 ಆದವು. ಸರ್ಕಾರಿ ಉದ್ಯೋಗದ ಮೀಸಲಾತಿ ಶೇ. 3ರಿಂದ 4ಕ್ಕೆ ಏರಿತು. ಕಾಯ್ದೆಯ ವ್ಯಾಖ್ಯೆ ಸಾಮಾಜಿಕ ಮಾದರಿಯದು: ದೀರ್ಘಕಾಲದ ನ್ಯೂನತೆ ಅಡೆತಡೆಗಳ ಜೊತೆ ಸೇರಿ ಸಮಾಜದಲ್ಲಿ ಸಮಾನ ಪಾಲ್ಗೊಳ್ಳುವಿಕೆಯನ್ನು ತಡೆಯುವುದು. ಆದರೆ ಮೀಸಲಾತಿ ಬೇಕಾದರೆ ಶೇ. 40ರ ಪ್ರಮಾಣಪತ್ರ ಬೇಕು. ಅದನ್ನು ಕೊಡುವಾಗ ವೈದ್ಯರು ಅಳೆಯುವುದು ದೇಹವನ್ನು. ಊರಿನ ಮೆಟ್ಟಿಲು, ಬಸ್ಸಿನ ಎತ್ತರ ಆ ಶೇಕಡಾವಾರಿನಲ್ಲಿ ಸೇರುವುದಿಲ್ಲ. ವ್ಯಾಖ್ಯೆ ಹಂಟ್‌ರದು, ಆಡಳಿತ ಟೌನ್‌ಸೆಂಡ್‌ರದು. ಸೀಮಿತ ಸೌಲಭ್ಯವನ್ನು ಹಂಚಲು ಯಾವುದೋ ಒಂದು ಗೆರೆ ಬೇಕೆಂಬುದು ನಿಜ. ಅದೇ ಗೆರೆಯನ್ನು ಹಕ್ಕಿಗೂ ಎಳೆದಾಗ ಅನ್ಯಾಯವಾಗುತ್ತದೆ.

ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಿದ್ದಕ್ಕೆ ಶೇ. 40ರ ಮಿತಿಯೇ ನೆಪವಾಗಿತ್ತು. ತಕ್ಕ ಅನುಕೂಲ ಒದಗಿಸುವ ಕರ್ತವ್ಯಕ್ಕೆ ಆ ಮಿತಿ ಅನ್ವಯಿಸದು ಎಂದಿತು ನ್ಯಾಯಾಲಯ. ಸಾರ್ವಜನಿಕ ಸ್ಥಳಗಳ ಪ್ರವೇಶ ಸೌಲಭ್ಯ ಕೋರಿ 2005ರಲ್ಲಿ ಸಲ್ಲಿಕೆಯಾಗಿದ್ದ ರಾಜೀವ್ ರತುರಿ ಅವರ ಅರ್ಜಿಯಲ್ಲಿ ಇನ್ನೊಂದು ತೀರ್ಪು 2024ರ ನವೆಂಬರ್ 8ರಂದು ಬಂತು. ಕಾಯ್ದೆ ಕಡ್ಡಾಯ ಮಾಡಿದ್ದನ್ನು 2017ರ ನಿಯಮಾವಳಿಯ 15ನೆಯ ನಿಯಮ ಬರೀ ಶಿಫಾರಸಾಗಿಸಿದೆ ಎಂದು ಹೇಳಿ ಅದನ್ನು ಅಸಿಂಧುಗೊಳಿಸಿದ ನ್ಯಾಯಪೀಠ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಅರ್ಜಿ ಸಲ್ಲಿಕೆಯಾಗಿ ಆಗ 19 ವರ್ಷ ಕಳೆದಿತ್ತು.